ಗೇಟಿನಾಚೆಯ ಹದಿನೈದು ದಿನ

ಈ ಉಪನ್ಯಾಸದ ದತ್ತಿ ಇಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ತಮ್ಮ ಹೆಸರು ಎಲ್ಲೂ ಬರಕೂಡದೆಂಬ ಷರತ್ತಿನ ಮೇಲೆ ಇಟ್ಟಿದ್ದಾರೆ. ಉಪನ್ಯಾಸಕ್ಕೆ ಕರೆಯಲು ಮನೆಗೆ ಬಂದಾಗ ಅವರು ಹೇಳಿದ್ದಿಷ್ಟು: 'ಡಾಕ್ಟ್ರೇ, ಜೈಲಿನ ಒಳಗಿನ ಕಥೆ ಬೇಡ. ಅದನ್ನ ಸಿನಿಮಾದವರು ಬೇಕಾದಷ್ಟು ಹೇಳಿದ್ದಾರೆ. ಹೊರಗೆ ಬಂದವನ ಮರುದಿನದ ಕಥೆ ಹೇಳಿ.'

ಅದಕ್ಕೇ ಗೇಟಿನ ಹೊರಗಿನಿಂದ ಶುರುಮಾಡುತ್ತೇನೆ.

ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ, ಕ್ಷಯರೋಗ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ವಾರಕ್ಕೊಮ್ಮೆ ಅಲ್ಲಿನ ಜೈಲಿನ ಆಸ್ಪತ್ರೆಗೂ ಹೋಗಬೇಕಿತ್ತು. ಅಲ್ಲಿ ಸಿಕ್ಕವನು ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಒಬ್ಬ ಹುಡುಗ, ಮೂವತ್ತರ ಆಸುಪಾಸು. ಜಾತ್ರೆಯಲ್ಲಿ ನಡೆದ ಹೊಡೆದಾಟದ ಕೇಸು. ಒಳಗೆ ಬಂದ ಮೇಲೆ ಕೆಮ್ಮು ಹೆಚ್ಚಾಗಿ, ಕಫ ಪರೀಕ್ಷೆಯಲ್ಲಿ ಟಿಬಿ ಎಂದು ತಿಳಿಯಿತು. ಮಾತ್ರೆ ಶುರುವಾಯಿತು. ಹತ್ತು ವಾರದಲ್ಲಿ ನಾಲ್ಕು ಕೆಜಿ ತೂಕ ಏರಿ, ಮುಖದಲ್ಲಿ ಕಳೆ ಬಂದಿತ್ತು. ಒಂದು ಗುರುವಾರ ಹೋದರೆ ಅವನ ಮಂಚ ಖಾಲಿ. 'ಬೇಲ್ ಆಯ್ತು ಸಾರ್, ಮೊನ್ನೆ ಸಂಜೆ ಹೋದ' ಎಂದರು ಔಷಧಿ ಕೊಡುವವರು. ಹೆಸರು ಬರೆದ ಮಾತ್ರೆಯ ಡಬ್ಬಿ ಕಪಾಟಿನಲ್ಲೇ ಇತ್ತು.

ದಾಖಲೆಯಲ್ಲಿದ್ದ ವಿಳಾಸಕ್ಕೆ ನಮ್ಮ ಕಾರ್ಯಕರ್ತೆ ಹೋಗಿ ಬಂದರು. ಅದು ಅವನು ಬಾಡಿಗೆಗಿದ್ದ ಕೋಣೆ. ಅವನು ಒಳಗೆ ಹೋದ ಮರುತಿಂಗಳೇ ಮಾಲೀಕರು ಬೇರೆಯವರಿಗೆ ಕೊಟ್ಟಿದ್ದರು.

ಐದು ತಿಂಗಳಾದ ಮೇಲೆ ಅವನು ತಾಯಿಯ ಹೆಗಲು ಹಿಡಿದುಕೊಂಡು ನಮ್ಮ ಹೊರರೋಗಿ ವಿಭಾಗಕ್ಕೆ ಬಂದ. ಟವೆಲಿನಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ, ಟಿಬಿ ಔಷಧಿಗಳಲ್ಲೇ ಮುಖ್ಯವಾದ ರಿಫಾಂಪಿಸಿನ್‌ಗೆ ಬಗ್ಗದ ರೋಗ. ಆರು ತಿಂಗಳಲ್ಲಿ ಮುಗಿಯುತ್ತಿದ್ದ ಚಿಕಿತ್ಸೆ ಒಂದೂವರೆ ವರ್ಷಕ್ಕೆ ಎಳೆಯಿತು. 'ಯಾಕಪ್ಪಾ, ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರೆ ಮಾತ್ರೆ ಪುಕ್ಕಟೆ ಕೊಡುತ್ತಿದ್ದರಲ್ಲ' ಎಂದೆ. ಅವನು ಹೇಳಿದ: 'ಏನಂತ ಹೋಗ್ಲಿ ಸಾರ್? ಕೈಯಾಗೆ ಚೀಟಿ ಇಲ್ಲ. ಇಷ್ಟು ದಿನ ಎಲ್ಲಿ ತೋರಿಸ್ತಿದ್ದೆ ಅಂದ್ರೆ ಜೈಲಾಗೆ ಅನ್ನಬೇಕು.'

ನನ್ನ ತಪ್ಪನ್ನೂ ಹೇಳಬೇಕು. ನಿಕ್ಷಯ್ ದಾಖಲೆಯಲ್ಲಿ ಪ್ರತಿ ಟಿಬಿ ರೋಗಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹೇಳಿದರೆ ದೇಶದ ಯಾವ ಊರಿನ ಕೇಂದ್ರದಲ್ಲಾದರೂ ಚಿಕಿತ್ಸೆ ಮುಂದುವರಿಸಬಹುದು. ಅವನ ಸಂಖ್ಯೆ ನನ್ನ ರಿಜಿಸ್ಟರಿನಲ್ಲಿತ್ತು. ಒಂದು ಚೂರು ಕಾಗದದ ಮೇಲೆ ಬರೆದು ಅವನ ಕೈಗೆ ಕೊಡಬೇಕೆಂದು ಹತ್ತು ವಾರದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ. ಒಳಗಿರುವವನು ಒಳಗೇ ಇರುತ್ತಾನೆ ಎಂದುಕೊಂಡುಬಿಟ್ಟಿದ್ದೆ.

ನಮ್ಮ ಕಡೆ ಜೈಲಿಗೆ 'ಮಾವನ ಮನೆ' ಎನ್ನುತ್ತಾರೆ. ಮಾವನ ಮನೆಯಿಂದ ಹೊರಟ ಅಳಿಯನ ಕೈಯಲ್ಲಿ ಬುತ್ತಿಯ ಗಂಟು ಇರುತ್ತದೆ. ದಾರಿಯಲ್ಲಿ ಹಸಿಯದಿರಲಿ, ತಲುಪಿದ ದಿನ ಒಲೆ ಹಚ್ಚುವ ಆತುರ ಬೀಳದಿರಲಿ ಎಂದು ಕಟ್ಟುವ ಬುತ್ತಿ ಅದು. ಈ ಮನೆಯಿಂದ ಹೊರಟವನಿಗೆ ಅಂಥ ಬುತ್ತಿ ಕಟ್ಟಿಕೊಡಬೇಕು, ಅದನ್ನು ಅವನು ಒಳಗೆ ಕಾಲಿಟ್ಟ ದಿನವೇ ಕಟ್ಟಲು ಶುರುಮಾಡಬೇಕು ಎನ್ನುವುದೇ ಇವತ್ತು ನಾನು ಹೇಳಬೇಕೆಂದಿರುವ ಮಾತು. ಒಳಗೆ ಕಾಲಿಟ್ಟ ದಿನವೇ ಏಕೆ ಎಂಬುದಕ್ಕೆ ಕಾರಣ ಕೊಡುತ್ತೇನೆ.

2022ರ ಡಿಸೆಂಬರ್ 31ರಂದು ಭಾರತದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ನಾಲ್ವರಲ್ಲಿ ಮೂವರಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ಆದರೆ ಬಿಡುಗಡೆಯ ನಂತರದ ಆರೈಕೆಯ ಬಗ್ಗೆ ನಾವು ಬರೆದಿಟ್ಟುಕೊಂಡಿರುವುದೆಲ್ಲ ಬಹುಮಟ್ಟಿಗೆ ನಾಲ್ಕನೆಯವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. 1950ರ ದಶಕದಲ್ಲೇ ಎಂ. ಎಸ್. ಗೋರೆ ಅವರ ಸಮಿತಿ ಈ ಆರೈಕೆಯ ಕುರಿತು ಸಲಹೆ ಕೊಟ್ಟಿತ್ತು. ನ್ಯಾಯಮೂರ್ತಿ ಎ. ಎನ್. ಮುಲ್ಲಾ ಅವರ ಸಮಿತಿ 1983ರಲ್ಲಿ ಜೈಲು ಸುಧಾರಣೆಯ ದೊಡ್ಡ ವರದಿಯನ್ನೇ ಕೊಟ್ಟಿತು. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯವಿದೆ. ವಿಶ್ವಸಂಸ್ಥೆ 2015ರಲ್ಲಿ ನೆಲ್ಸನ್ ಮಂಡೇಲಾ ಅವರ ಹೆಸರಿನಲ್ಲಿ ಒಪ್ಪಿಕೊಂಡ ನಿಯಮಗಳಲ್ಲಿ 107 ಮತ್ತು 108ನೆಯವು ಬಹಳ ಒಳ್ಳೆಯವು. ಹೊರಗೆ ಹೋಗುವವನ ಹತ್ತಿರ ಗುರುತಿನ ಕಾಗದಪತ್ರ ಇರಬೇಕು, ಹೋಗಲೊಂದು ಮನೆ, ಮಾಡಲೊಂದು ಕೆಲಸ, ಹವಾಮಾನಕ್ಕೆ ತಕ್ಕ ಬಟ್ಟೆ, ಊರು ಮುಟ್ಟಿ ಮೊದಲ ದಿನಗಳನ್ನು ಕಳೆಯುವಷ್ಟು ದುಡ್ಡು ಇರಬೇಕು ಎನ್ನುತ್ತವೆ. ಇದರ ಯೋಚನೆಯನ್ನು ಶಿಕ್ಷೆ ಆರಂಭವಾದ ದಿನದಿಂದಲೇ ಮಾಡಬೇಕು ಎಂದೂ ಹೇಳುತ್ತವೆ. ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಶಿಕ್ಷೆಯೇ ಆರಂಭವಾಗಿಲ್ಲವಲ್ಲ!

ಸಜಾ ಬಂದಿಗೆ ತನ್ನ ದಿನ ಗೊತ್ತಿರುತ್ತದೆ. ಶಿಕ್ಷೆಯಲ್ಲಿ ಮನ್ನಾ ಆದ ದಿನಗಳನ್ನು ಕಳೆದು ಲೆಕ್ಕ ಹಾಕಿಟ್ಟುಕೊಂಡಿರುತ್ತಾನೆ. ಒಳಗೆ ಮಾಡಿದ ಕೆಲಸದ ಕೂಲಿ ಅಷ್ಟೋ ಇಷ್ಟೋ ಜಮೆಯಾಗಿರುತ್ತದೆ. ವಿಚಾರಣಾಧೀನನನ್ನು ಕಡ್ಡಾಯವಾಗಿ ದುಡಿಮೆಗೆ ಹಚ್ಚುವಂತಿಲ್ಲ, ಹಾಗಾಗಿ ಬಹುಮಟ್ಟಿಗೆ ಕೂಲಿಯೂ ಇಲ್ಲ. ಅವನ ದಿನ ಅವನ ವಕೀಲರಿಗೂ ಗೊತ್ತಿರುವುದಿಲ್ಲ. ಮಧ್ಯಾಹ್ನ ಕೋರ್ಟಿನಲ್ಲಿ ಶ್ಯೂರಿಟಿ ಒಪ್ಪಿಗೆಯಾಗುತ್ತದೆ, ಸಂಜೆಯ ಹೊತ್ತಿಗೆ ಆದೇಶ ಜೈಲಿಗೆ ತಲುಪುತ್ತದೆ, 'ನಿನ್ನ ಬೇಲ್ ಬಂದೈತೆ, ಚಾಪೆ ಸುತ್ತು' ಎಂದು ಕೂಗುತ್ತಾರೆ. ಒಂದು ಗಂಟೆಯಲ್ಲಿ ಅವನು ರಸ್ತೆಯಲ್ಲಿ. ಆ ಒಂದು ಗಂಟೆಯಲ್ಲಿ ಯಾವ ವೈದ್ಯರೂ ಯಾವ ಕಲ್ಯಾಣಾಧಿಕಾರಿಯೂ ಪುನರ್ವಸತಿಯ ಯೋಜನೆ ಮಾಡಲಾರರು. ವೈದ್ಯರ ಪಾಳಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಜೈಲಿನ ಸಿಬ್ಬಂದಿಯನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಆದೇಶ ಕೈಗೆ ಬಂದ ಮೇಲೆ ಒಂದು ನಿಮಿಷ ಹೆಚ್ಚು ಇಟ್ಟುಕೊಂಡರೂ ಅದು ಅಕ್ರಮ ಬಂಧನ. ಬುತ್ತಿ ಮೊದಲೇ ಕಟ್ಟಿಟ್ಟಿದ್ದರೆ ಮಾತ್ರ ಅದು ಅವನ ಜೊತೆ ಹೋಗುತ್ತದೆ.

ಇನ್ನು ಹೊರಗೆ ಬಂದ ಮೊದಲ ಹದಿನೈದು ದಿನದ ಮಾತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,237 ಜನರ ಗತಿಯನ್ನು ಹಿಂಬಾಲಿಸಿ ವೈದ್ಯೆ ಇಂಗ್ರಿಡ್ ಬಿನ್ಸ್‌ವ್ಯಾಂಗರ್ ಮತ್ತು ಸಂಗಡಿಗರು 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹೊರಗೆ ಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಅದೇ ವಯಸ್ಸಿನ ಇತರರಿಗಿಂತ 12.7 ಪಟ್ಟು ಹೆಚ್ಚಿತ್ತು. ಮಾದಕದ್ರವ್ಯದ ಅತಿಸೇವನೆಯಿಂದ ಸಾಯುವ ಅಪಾಯವಂತೂ 129 ಪಟ್ಟು. ಆ ಸಂಖ್ಯೆಯನ್ನು ಹಾಗೇ ಹೊತ್ತು ತಂದು ನಮ್ಮ ಊರಿಗೆ ಅಂಟಿಸಬಾರದು; ಅಲ್ಲಿನ ನಶೆ ಬೇರೆ, ನಮ್ಮದು ಬೇರೆ. ಆದರೆ ದೇಹದ ನಡೆ ಎಲ್ಲ ಕಡೆಯೂ ಒಂದೇ. ದಿನವೂ ತೆಗೆದುಕೊಳ್ಳುವವನ ದೇಹ ಆ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಒಳಗೆ ಆರು ತಿಂಗಳು ಇಲ್ಲದೆ ಕಳೆದಾಗ ಆ ಒಗ್ಗು ಹೋಗಿಬಿಡುತ್ತದೆ. ಆದರೆ ಹಳೆಯ ಪ್ರಮಾಣ ಕೈಗೆ ನೆನಪಿರುತ್ತದೆ. ಗೆಳೆಯರು ಸಂತೋಷಕ್ಕೆಂದು ಕರೆದುಕೊಂಡು ಹೋದ ಮೊದಲ ರಾತ್ರಿ ಕೈ ಆ ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ. ಅಫೀಮಿನ ಜಾತಿಯ ಮಾತ್ರೆ, ಚುಚ್ಚುಮದ್ದು ಆದರೆ ಉಸಿರು ನಿಧಾನವಾಗುತ್ತಾ ನಿಂತೇಹೋಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಮದ್ಯ. ಬಿಡುಗಡೆಯಾದ ಮರುದಿನ ಬೆಳಿಗ್ಗೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ತುರ್ತು ವಿಭಾಗಕ್ಕೆ ತಂದ ಇಬ್ಬರನ್ನು ನಾನೇ ನೋಡಿದ್ದೇನೆ. ಒಬ್ಬನನ್ನು ಉಳಿಸಿಕೊಳ್ಳಲಾಗಲಿಲ್ಲ. 'ನಿನ್ನ ದೇಹ ಈಗ ಮೊದಲಿನಂತಿಲ್ಲ, ಹಳೆಯ ಅಳತೆ ಹಾಕಬೇಡ' ಎಂಬ ಮಾತನ್ನು ಅವರಿಗೆ ಒಳಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ಖರ್ಚೇನೂ ಇರಲಿಲ್ಲ.

ಮೂರ್ಛೆ ರೋಗದವರನ್ನು ಮರೆಯಬೇಡಿ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರದೂ, ಎಚ್‌ಐವಿಗೆ ಎಆರ್‌ಟಿ ಮಾತ್ರೆ ನುಂಗುವವರದೂ ಇದೇ ಪಾಡು.

ಮನಸ್ಸಿನ ಕಾಯಿಲೆಯ ಮಾತು ದೊಡ್ಡದು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ತಜ್ಞರು ಸುಮಾರು 5,000 ಬಂದಿಗಳನ್ನು ಮಾತನಾಡಿಸಿ 2011ರಲ್ಲಿ ವರದಿ ಕೊಟ್ಟರು. ನೂರಕ್ಕೆ ಎಂಬತ್ತರ ಹತ್ತಿರ ಜನರಿಗೆ ಮಾನಸಿಕ ತೊಂದರೆಯೋ ವ್ಯಸನವೋ ಇತ್ತು. ವ್ಯಸನವನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರಲ್ಲಿ ಹಲವರಿಗೆ ಜೀವನದಲ್ಲಿ ಮೊದಲ ಸಲ ಮನೋವೈದ್ಯರು ಸಿಕ್ಕಿದ್ದು ಜೈಲಿನಲ್ಲೇ. ಬಿಡುಗಡೆಯ ಸಂಜೆ ಆ ನಂಟು ಕಡಿದುಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ಮಾನಸಿಕ ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳಿಸುವಾಗ ಮುಂದಿನ ಚಿಕಿತ್ಸೆ ಎಲ್ಲಿ, ಹೇಗೆ ಎಂದು ಯೋಜಿಸಿಯೇ ಕಳಿಸಬೇಕು. ಅದೇ ರೋಗ, ಅದೇ ಮಾತ್ರೆ ಇರುವವನು ಜೈಲಿನ ಗೇಟಿನಿಂದ ಹೊರಟರೆ ಈ ಕಾಳಜಿ ಯಾಕೆ ಬೇಡ? ಹೊರಗೆ ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಕುಳಿತುಕೊಳ್ಳುತ್ತಾರೆ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. 'ಮಂಗಳವಾರ, ಇಂಥ ಊರು, ಇಂಥ ಕೋಣೆ' ಎಂದು ಅವನಿಗೆ ಹೇಳುವವರು ಬೇಕು, ಅಷ್ಟೇ.

ಇಷ್ಟು ಹೊತ್ತು ದೇಹದ ಮಾತಾಯಿತು. ಆದರೆ ಮಾತ್ರೆ ನುಂಗುವುದಕ್ಕೂ ಒಂದು ಮನೆ, ಒಂದು ಲೋಟ ನೀರು, ಒಂದು ಹೊತ್ತಿನ ಊಟ ಬೇಕು. ಇದನ್ನು ನನಗೆ ಕಲಿಸಿದ್ದು ಒಬ್ಬ ಹೆಣ್ಣುಮಗಳು.

ಆಕೆ ನಾಲ್ಕು ವರ್ಷ ಒಳಗಿದ್ದು, ಕೊನೆಗೆ ನಿರ್ದೋಷಿ ಎಂದು ಬಿಡುಗಡೆಯಾದವರು. ಒಳಗೆ ಹೋಗುವಾಗ ಕಂಕುಳಲ್ಲಿ ಮಗಳಿದ್ದಳು. ತಾಯಿಯ ಜೊತೆ ಜೈಲಿನಲ್ಲಿ ಮಗು ಆರು ವರ್ಷದವರೆಗೆ ಮಾತ್ರ ಇರಬಹುದು. 2006ರಲ್ಲಿ ಸುಪ್ರೀಂ ಕೋರ್ಟ್ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆರು ತುಂಬಿದ ಮೇಲೆ ಮಗುವನ್ನು ಬೇರೊಂದು ಜಿಲ್ಲೆಯ ಬಾಲಮಂದಿರಕ್ಕೆ ಕಳಿಸಿದ್ದರು. ಬಿಡುಗಡೆಯಾದ ದಿನ ಆಕೆ ಬಸ್ಸು ಹತ್ತಿದರು. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಕಂಡಕ್ಟರ್ 'ಆಧಾರ್ ತೋರಿಸಿ ಅಕ್ಕ' ಎಂದರು. ಆಕೆಯ ಬಳಿ ಇದ್ದ ಒಂದೇ ಕಾಗದ ಜೈಲಿನದು. ಅದನ್ನು ಸೆರಗಿನೊಳಗೆ ಇನ್ನಷ್ಟು ಒಳಕ್ಕೆ ತಳ್ಳಿ, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡರಂತೆ. ಕೈಯಲ್ಲಿದ್ದ ಹಣದ ಬಹುಪಾಲು ಅಲ್ಲೇ ಹೋಯಿತು.

ಅಣ್ಣನ ಮನೆಯಲ್ಲಿ ಅತ್ತಿಗೆ ಬಾಗಿಲು ಮುಚ್ಚಲಿಲ್ಲ. ಆದರೆ ಜಗಲಿಯಲ್ಲೇ ಹಾಸಿಕೊಟ್ಟರು. ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ಇರಲಿಲ್ಲ. ಇ-ಕೆವೈಸಿಗೆ ಬೆರಳು ಕೊಡಲು ಆಕೆ ಊರಲ್ಲಿ ಇರಲಿಲ್ಲವಲ್ಲ. ಹೆಸರು ಸೇರಿಸಲು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಹುಡುಗ 'ಓಟಿಪಿ ಹೇಳಿ ಅಕ್ಕ' ಎಂದ. ಬಂಧನವಾದಾಗ ಪೊಲೀಸರು ವಶಪಡಿಸಿಕೊಂಡ ಫೋನು ಮುದ್ದೆಮಾಲಾಗಿ ಕೋರ್ಟಿನಲ್ಲಿದೆ. ನಾಲ್ಕು ವರ್ಷ ರೀಚಾರ್ಜ್ ಇಲ್ಲದ ಆ ನಂಬರನ್ನು ಕಂಪನಿ ಬೇರೆ ಯಾರಿಗೋ ಕೊಟ್ಟಿದೆ. ಆಕೆಯ ಬದುಕಿನ ಓಟಿಪಿ ಎಲ್ಲಿಯೋ ಯಾವನೋ ಅಪರಿಚಿತನ ಜೇಬಿನಲ್ಲಿ ರಿಂಗಣಿಸುತ್ತಿತ್ತು. ಆಧಾರ್, ಬ್ಯಾಂಕ್ ಖಾತೆ, ರೇಷನ್, ಗೃಹಲಕ್ಷ್ಮಿ, ಆಯುಷ್ಮಾನ್ ಕಾರ್ಡು ಎಲ್ಲವೂ ಆ ಹತ್ತು ಅಂಕಿಗೆ ಗಂಟುಬಿದ್ದಿದ್ದವು. ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳ ಹಣ ಕೂಡ ಬ್ಯಾಂಕ್ ಖಾತೆಗೇ ಬರಬೇಕು.

ಮಗಳನ್ನು ಕರೆತರಲು ಹೋದರೆ ಮಕ್ಕಳ ಕಲ್ಯಾಣ ಸಮಿತಿಯವರು ಮನೆ ಎಲ್ಲಿದೆ, ಆದಾಯವೇನು ಎಂದು ಕೇಳಿದರು. ಕೇಳುವುದು ಅವರ ಕರ್ತವ್ಯ. ಮಗುವಿನ ಕ್ಷೇಮ ಅವರ ಹೊಣೆ. ಆದರೆ ಜಗಲಿಯಲ್ಲಿ ಮಲಗುವವಳು ಏನು ಉತ್ತರ ಕೊಡಬೇಕು? ರಾತ್ರಿ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಆಕೆ ನನ್ನ ಹತ್ತಿರ ಬಂದದ್ದು ಆಗ. ನಾನು ನಿದ್ದೆಯ ಮಾತ್ರೆ ಬರೆಯಲು ಪೆನ್ನು ತೆಗೆದೆ. 'ಮಾತ್ರೆ ಬೇಡ ಸಾರ್, ಯಾರಿಗಾದ್ರೂ ಒಂದು ಮಾತು ಹೇಳಿ' ಎಂದರು. ಆ ಮಾತು ನನ್ನ ವೈದ್ಯಕೀಯ ಪುಸ್ತಕಗಳಲ್ಲಿ ಇರಲಿಲ್ಲ.

ಬೇಲಿನ ಮೇಲೆ ಬಂದವರಿಗೆ ಇನ್ನೊಂದು ಭಾರವಿದೆ. ಕೇಸು ಇನ್ನೂ ನಡೆಯುತ್ತಿರುತ್ತದೆ. ತಾರೀಕಿಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ, ತಿಂಗಳಲ್ಲಿ ಎರಡು ಸಲ ರಜೆ ಕೇಳುವವನನ್ನು ಯಾವ ಮೇಸ್ತ್ರಿಯೂ ಇಟ್ಟುಕೊಳ್ಳುವುದಿಲ್ಲ. ಹೋಗದಿದ್ದರೆ ವಾರಂಟು, ಮತ್ತೆ ಒಳಗೆ. ಊರಿನಲ್ಲಿ ಒಂದು ಬೈಕು ಕಳುವಾದರೆ ಮೊದಲು ಠಾಣೆಗೆ ಕರೆಯುವುದು ಅವನನ್ನೇ. ಒಂದು ಕಾಲಕ್ಕೆ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಅಲೆಮಾರಿ ಸಮುದಾಯಗಳ ಹುಡುಗರಿಗಂತೂ ಈ ಕರೆ ಇನ್ನೂ ಬೇಗ ಬರುತ್ತದೆ. 1871ರ ಆ ಕಾಯ್ದೆ 1952ರಲ್ಲೇ ರದ್ದಾಗಿದೆ, ಕಾಣುವ ಕಣ್ಣು ಇನ್ನೂ ಬದಲಾಗಿಲ್ಲ.

'ಕಳ್ಳಕಾಕರಿಗೆ ಇಷ್ಟೆಲ್ಲ ಯಾಕೆ, ಅವರಿಂದ ನೊಂದವರನ್ನು ಕೇಳುವವರಿಲ್ಲ' ಎಂದು ಸಭೆಯಲ್ಲಿ ಯಾರಿಗಾದರೂ ಅನ್ನಿಸುತ್ತಿದ್ದರೆ ಅದು ತಪ್ಪಲ್ಲ. ನೊಂದವರಿಗೆ ನಾವು ಮಾಡಬೇಕಾದ್ದು ಬಹಳ ಇದೆ, ಅದಕ್ಕೇ ಇನ್ನೊಂದು ದತ್ತಿ ಬೇಕು. ಆದರೆ ಮುಕ್ಕಾಲು ಪಾಲು ಜನರ ತಪ್ಪು ಸಾಬೀತಾಗಿಲ್ಲ. ಸಾಬೀತಾದವರಿಗೂ ನ್ಯಾಯಾಧೀಶರು ಕೊಟ್ಟದ್ದು ಸೆರೆವಾಸವನ್ನು, ಟಿಬಿಯನ್ನಲ್ಲ, ಹಸಿವನ್ನಲ್ಲ. ಮತ್ತೆ ಆ ಬಣ್ಣ ಬಳಿಯುವ ಹುಡುಗ ಐದು ತಿಂಗಳು ಔಷಧಿಗೆ ಬಗ್ಗದ ಕ್ರಿಮಿಯನ್ನು ಇಟ್ಟುಕೊಂಡು ನಾವು ನೀವು ಕೂರುವ ಬಸ್ಸಿನಲ್ಲೇ ಓಡಾಡಿದ್ದಾನೆ.

ಮಾಡುವುದಾದರೆ ಹೇಗೆ? ಅರ್ಧ ದಾರಿಯನ್ನು ಆಗಲೇ ಹಾಕಿದ್ದಾರೆ. ಬೇಲ್ ಸಿಕ್ಕಿಯೂ ಶ್ಯೂರಿಟಿ ಕೊಡಲಾಗದೆ ಒಳಗೇ ಉಳಿಯುವ ಬಡವರ ಬಗ್ಗೆ 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಮನಕಲಕುವಂತೆ ಮಾತನಾಡಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು: ಬೇಲ್ ಆದ ಏಳು ದಿನದಲ್ಲಿ ಬಂದಿ ಹೊರಗೆ ಹೋಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ಅರೆಕಾನೂನು ಸ್ವಯಂಸೇವಕರನ್ನೋ ವಕೀಲರನ್ನೋ ಕಳಿಸಿ ನೆರವಾಗಬಹುದು. ಬಡ ಬಂದಿಗಳಿಗೆ ನೆರವಾಗಲು ಕೇಂದ್ರ ಸರ್ಕಾರದ ಯೋಜನೆಯೂ ಬಂತು. ವಿಚಾರಣಾಧೀನರ ಬೇಲಿನ ಹಣಕ್ಕೂ ಅದರಿಂದ ನೆರವು ಕೊಡಬಹುದು. ಹೀಗೆ ಬಂದಿಯ ಕೈಹಿಡಿದು ಗೇಟಿನವರೆಗೆ ತರುವ ಮನುಷ್ಯ ಈಗ ಇದ್ದಾನೆ. ಅವನು ಇನ್ನು ನೂರು ಹೆಜ್ಜೆ ಬರಲಿ. ಬಸ್ ನಿಲ್ದಾಣದವರೆಗೆ, ಆಮೇಲೆ ಆಸ್ಪತ್ರೆಯ ಕೌಂಟರಿನವರೆಗೆ.

ಆ ನೂರು ಹೆಜ್ಜೆ ಜೊತೆ ನಡೆಯಲು ಯಾರು ಸೂಕ್ತ? ಒಮ್ಮೆ ಆ ದಾರಿಯಲ್ಲಿ ಒಂಟಿಯಾಗಿ ನಡೆದವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2006ರಲ್ಲಿ ಶುರುವಾದ ಟ್ರಾನ್ಸಿಷನ್ಸ್ ಕ್ಲಿನಿಕ್‌ನಲ್ಲಿ ಜೈಲಿನಲ್ಲಿದ್ದು ಬಂದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಿಕೊಂಡರು. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' 1990ರಿಂದ ಜೈಲು ಮತ್ತು ಹೊರಗಿನ ಬದುಕಿನ ನಡುವೆ ಸೇತುವೆಯಾಗಿ ಕೆಲಸ ಮಾಡುತ್ತ ಬಂದಿದೆ. ನಮ್ಮಲ್ಲೇ ಹುಲುಗಪ್ಪ ಕಟ್ಟೀಮನಿ ಅವರು ಬಳ್ಳಾರಿ, ಮೈಸೂರು ಜೈಲುಗಳ ಬಂದಿಗಳಿಂದ ನಾಟಕ ಆಡಿಸಿದರು. ಅದಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎನ್ನಬಹುದು. ಊರಿಗೆ ಮರಳಿದವನನ್ನು 'ಜೈಲಿಗೆ ಹೋಗಿಬಂದೋನು' ಎಂದು ಕರೆಯುವ ಬದಲು 'ನಾಟಕದೋನು' ಎಂದು ಕರೆದರೆ ಆ ರಾತ್ರಿ ಅವನಿಗೆ ನಿದ್ದೆ ಬರುತ್ತದೆ. ನಲವತ್ತು ವರ್ಷ ವೈದ್ಯನಾಗಿದ್ದವನು ನಾನು. ಈ ಸಂಬಂಧವನ್ನು ನಂಬುತ್ತೇನೆ.

ಕೊನೆಯದಾಗಿ ಚೀಟಿಯ ವಿಷಯ. ಬಂದಿ ಒಳಗೆ ಬಂದ ದಿನ ಹೇಗೂ ವೈದ್ಯರು ನೋಡುತ್ತಾರೆ. ಆ ದಿನವೇ ಒಂದು ಮಡಿಚುವ ಕಾರ್ಡು ಶುರುವಾಗಬೇಕು. ಅದು ಕಚೇರಿಯ ಕಡತದಲ್ಲಿ ಕೂರಬಾರದು, ಅವನ ಬಟ್ಟೆಯ ಗಂಟಿನಲ್ಲೇ ಇರಬೇಕು. ಮಾತ್ರೆ ಬದಲಾದಾಗಲೆಲ್ಲ ಅದರಲ್ಲೇ ಬರೆಯಬೇಕು. ಅದರ ಜೊತೆ, ಮಾತ್ರೆ ನಿಲ್ಲಿಸಬಾರದವರಿಗೆ ಒಂದು ತಿಂಗಳಿನ ಔಷಧಿಯ ಪೊಟ್ಟಣ ಗೇಟಿನ ಕೋಣೆಯಲ್ಲಿ ಹೆಸರು ಹಚ್ಚಿ ಸಿದ್ಧವಿರಬೇಕು. ರಾತ್ರಿ ಪಾಳಿಯವರೂ ಎತ್ತಿಕೊಡುವಂತಿರಬೇಕು. ಕಾರ್ಡಿನ ಮೇಲೆ ಜೈಲಿನ ಮುದ್ರೆ ಬೇಡವೇ ಬೇಡ. ಆರೋಗ್ಯ ಇಲಾಖೆಯ ಮಾಮೂಲಿ ಹೊರರೋಗಿ ಚೀಟಿಯಂತೆಯೇ ಕಾಣಬೇಕು. ಎಚ್‌ಐವಿಯಂಥ ಕಾಯಿಲೆಯ ಹೆಸರನ್ನು ಬಿಡಿಸಿ ಬರೆಯಬಾರದು. ಅತ್ತಿಗೆಯೋ ನೆರೆಯವರೋ ಎತ್ತಿ ಓದಿದರೂ ಮಾನ ಹೋಗಬಾರದು. ಹಿಂಬದಿಯಲ್ಲಿ ಮನೆಯವರ ಎರಡು ಫೋನ್ ನಂಬರು ಅವನ ಕೈಯಿಂದಲೇ ಬರೆಸಬೇಕು. ಈಗ ಯಾರಿಗೂ ನಂಬರು ಬಾಯಿಗೆ ಬರುವುದಿಲ್ಲ. ಜೈಲಿನೆದುರಿನ ಚಹಾದಂಗಡಿಯ ಹೆಂಗಸು ಹೇಳುತ್ತಿದ್ದರು, ಬಿಡುಗಡೆಯಾದವರು ಮೊದಲು ಕೇಳುವುದು ಚಹಾ ಅಲ್ಲವಂತೆ, ಫೋನಂತೆ. ಕೊಟ್ಟರೆ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾರಂತೆ.

ಆ ಕಾರ್ಡಿನ ಕರಡನ್ನು ಮಾಡಿ ತಂದಿದ್ದೇನೆ. ಕಾನೂನು ನೆರವಿನ 15100, ಟೆಲಿ-ಮಾನಸ್‌ನ 14416 ಎರಡನ್ನೂ ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಸಭಾಂಗಣದ ಬಾಗಿಲ ಹತ್ತಿರ ಮೇಜಿನ ಮೇಲೆ ಇನ್ನೂರು ಪ್ರತಿಗಳಿವೆ, ಪಕ್ಕದಲ್ಲಿ ಪೆನ್ನುಗಳೂ ಇವೆ. ಇಲ್ಲಿ ವಕೀಲರಿದ್ದೀರಿ, ನರ್ಸುಗಳಿದ್ದೀರಿ, ಕಾರಾಗೃಹ ಇಲಾಖೆಯಿಂದಲೂ ಇಬ್ಬರು ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ, ಇಂಥ ಕಾರ್ಡು ಇಲ್ಲದೆಯೇ ಹೊರಗೆ ಬಂದವರೂ ಕೂತಿದ್ದೀರಿ. ಏನು ಬಿಟ್ಟುಹೋಗಿದೆ ಎಂದು ಅದರ ಮೇಲೆಯೇ ಬರೆದು, ಹೋಗುವಾಗ ಮೇಜಿನ ಮೇಲೆ ಇಟ್ಟು ಹೋಗಿ.